‘ರೋಲರ್ ಹಾಕ್ಸು ಗುರು’: ಸ್ಕೂಟರ್ ಟ್ಯೂನಿಂಗಿನ ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ ಸಂಜೆ ಹೊತ್ತು ಸುಮ್ಮನೆ ನಿಂತರೆ ಸ್ಕೂಟರ್ ಟ್ಯೂನಿಂಗಿನ ಇಡೀ ಪುರಾಣ ಕಿವಿಗೆ ಬೀಳುತ್ತದೆ. ‘ರೋಲರ್ ಹಾಕ್ಸು ಗುರು, ಆಮೇಲೆ ಪಿಕಪ್ ನೋಡು.’ ‘ಏರ್ ಫಿಲ್ಟರ್ ತೆಗೆದ್ಬಿಡು ಮಗಾ, ಗಾಡಿ ಉಸಿರಾಡ್ಲಿ.’ ‘ಬೋರ್ ಕಿಟ್ ಕೂರಿಸಿದ್ರೆ ಬೈಕುಗಳೆಲ್ಲ ಹಿಂದೆ.’ ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ ಎಂಬುದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಒಮ್ಮೆ ಕೈಸುಟ್ಟುಕೊಂಡು ಬಿಡಬಹುದಿತ್ತು. ಅರ್ಧ ನಿಜವಾಗಿರುವುದರಿಂದ ಹುಡುಗರು ಒಂದಾದ ಮೇಲೊಂದು ಭಾಗ ಕೊಳ್ಳುತ್ತಲೇ ಹೋಗುತ್ತಾರೆ.

ಬೈಕಿನಲ್ಲಿ ಎಂಜಿನ್ ಯಾವ ವೇಗದಲ್ಲಿ ಸುತ್ತಬೇಕೆಂದು ಸವಾರನ ಎಡಗಾಲು ನಿರ್ಧರಿಸುತ್ತದೆ. ಸ್ಕೂಟರಿನಲ್ಲಿ ಅದನ್ನು ನಿರ್ಧರಿಸುವುದು ಕವರಿನ ಒಳಗಿರುವ ಆರು ಸಣ್ಣ ರೋಲರ್ ಮತ್ತು ಒಂದು ಸ್ಪ್ರಿಂಗ್. ಆದ್ದರಿಂದ ಇಲ್ಲಿ ಎಂಜಿನ್ ಟ್ಯೂನಿಂಗ್ ಬೇರೆ, ಟ್ರಾನ್ಸ್‌ಮಿಷನ್ ಟ್ಯೂನಿಂಗ್ ಬೇರೆ ಎಂದು ಎರಡು ಕೆಲಸಗಳಿಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಇದನ್ನು ಮರೆತದ್ದರಿಂದ.

ತಪ್ಪು ಕಲ್ಪನೆ: ಸ್ಕೂಟರಿಗೆ ಗೇರೇ ಇಲ್ಲ, ಟ್ಯೂನ್ ಮಾಡುವುದಿದ್ದರೆ ಎಂಜಿನ್ ಮಾತ್ರ.

ವಾಸ್ತವ: ಗೇರ್ ಇಲ್ಲ ಎನ್ನುವುದಕ್ಕಿಂತ ಎಣಿಸಲಾಗದಷ್ಟು ಗೇರ್ ಇವೆ ಎನ್ನುವುದು ಸರಿ. ಎಡಗಡೆಯ ಉದ್ದನೆಯ ಕವರ್ ಬಿಚ್ಚಿದರೆ ಮುಂದೊಂದು ಹಿಂದೊಂದು ಪುಲ್ಲಿ, ಎರಡರ ನಡುವೆ ರಬ್ಬರಿನ ವಿ-ಬೆಲ್ಟ್ ಕಾಣುತ್ತದೆ. ಮುಂದಿನ ಪುಲ್ಲಿ ನೇರವಾಗಿ ಕ್ರ್ಯಾಂಕಿನ ಮೇಲೆ ಕೂತಿರುತ್ತದೆ. ಅದರ ಹೊರಗಿನ ಅರ್ಧ ಅಲುಗಾಡುವುದಿಲ್ಲ. ಒಳಗಿನ ಅರ್ಧ, ಅಂದರೆ ವೇರಿಯೇಟರ್, ಅಕ್ಷದ ಮೇಲೆ ಹಿಂದೆ ಮುಂದೆ ಜಾರುತ್ತದೆ. ವೇರಿಯೇಟರಿನ ಬೆನ್ನಿನಲ್ಲಿ ಇಳಿಜಾರಾದ ಗೂಡುಗಳಿದ್ದು, ಅವುಗಳಲ್ಲಿ ರೋಲರ್‌ಗಳು ಕೂತಿರುತ್ತವೆ. ಎಂಜಿನ್ ಜೋರಾಗಿ ಸುತ್ತಿದಂತೆ ರೋಲರ್‌ಗಳು ಹೊರಕ್ಕೆ ಸಿಡಿಯಲು ನೋಡಿ, ಇಳಿಜಾರನ್ನು ಏರುತ್ತ ವೇರಿಯೇಟರನ್ನು ಒತ್ತುತ್ತವೆ. ಪುಲ್ಲಿಯ ಸಂದು ಕಿರಿದಾಗಿ ಬೆಲ್ಟ್ ಅಂಚಿನ ಕಡೆಗೆ ಹತ್ತುತ್ತದೆ. ಬೆಲ್ಟಿನ ಉದ್ದ ಬದಲಾಗುವುದಿಲ್ಲವಾದ್ದರಿಂದ ಹಿಂದಿನ ಪುಲ್ಲಿ ಬಾಯಿ ತೆರೆದು ಅಲ್ಲಿ ಬೆಲ್ಟ್ ಒಳಕ್ಕಿಳಿಯುತ್ತದೆ. ಸೈಕಲ್ಲಿನಲ್ಲಿ ಚೈನು ಮುಂದೆ ದೊಡ್ಡ ಹಲ್ಲುಚಕ್ರಕ್ಕೂ ಹಿಂದೆ ಚಿಕ್ಕದಕ್ಕೂ ಹಾರಿದರೆ ಆಗುವುದೇ ಇಲ್ಲಿ ಮೆಟ್ಟಿಲಿಲ್ಲದೆ ಆಗುತ್ತದೆ.

ಹಿಂದಿನ ಪುಲ್ಲಿ ಸುಲಭಕ್ಕೆ ಬಾಯಿ ಬಿಡದಂತೆ ದೊಡ್ಡ ಸ್ಪ್ರಿಂಗೊಂದು ಅದುಮಿ ಹಿಡಿದಿರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಕಾಂಟ್ರಾ ಸ್ಪ್ರಿಂಗ್. ಅದರ ಜೊತೆಗೆ ಓರೆಯಾಗಿ ಕೊರೆದ ಸೀಳುಗಳಲ್ಲಿ ಪಿನ್ ಓಡಾಡುವ ಟಾರ್ಕ್ ಕ್ಯಾಮ್ ಇದೆ. ಘಾಟಿ ಬಂತು, ಹಿಂದೆ ಒಬ್ಬರು ಕೂತಿದ್ದಾರೆ, ಚಕ್ರದ ಮೇಲೆ ಹೊರೆ ಬಿತ್ತು ಎಂದರೆ ಪುಲ್ಲಿಯನ್ನು ಮತ್ತೆ ಮುಚ್ಚಿ ಗೇರ್ ಇಳಿಸುವುದು ಈ ಕ್ಯಾಮ್. ಕೊನೆಗೆ ಕ್ಲಚ್ ಶೂ, ಬೆಲ್, ಗೇರ್ ಆಯಿಲಿನಲ್ಲಿ ಮುಳುಗಿದ ಗೇರುಗಳು, ಚಕ್ರ.

ಈ ಉಪಾಯ ಹೊಸದೇನಲ್ಲ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ತನ್ನ ಪುಟ್ಟ ಕಾರಿನಲ್ಲಿ ವೇರಿಯೋಮ್ಯಾಟಿಕ್ ಹೆಸರಿನ ಬೆಲ್ಟ್ ವ್ಯವಸ್ಥೆ ತಂದಿತ್ತು. ನಮ್ಮ ಬೀದಿಗಳಿಗೆ ಅದು ಇಳಿದದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾದೊಂದಿಗೆ. ಬಟನ್ ಒತ್ತಿದರೆ ಶುರುವಾಗುವ, ಗೇರ್ ಹಾಕುವ ಗೋಜಿಲ್ಲದ ಆ 98 ಸಿಸಿ ಟೂ-ಸ್ಟ್ರೋಕ್ ಗಾಡಿಯನ್ನು ಬಿಚ್ಚಿ ಕಲಿತ ಮೆಕ್ಯಾನಿಕ್ಕುಗಳಿಗೆ ಈಗಿನ ಯಮಹಾ ಏರಾಕ್ಸ್ 155ರ ಬೆಲ್ಟ್ ಕವರ್ ತೆಗೆದುಕೊಟ್ಟರೂ ಅಪರಿಚಿತವೆನಿಸುವುದಿಲ್ಲ.

ತಪ್ಪು ಕಲ್ಪನೆ: ಹಗುರ ರೋಲರ್ ಹಾಕಿದರೆ ಪಿಕಪ್, ಭಾರದ ರೋಲರ್ ಹಾಕಿದರೆ ಟಾಪ್ ಸ್ಪೀಡ್.

ವಾಸ್ತವ: ಟ್ಯೂನಿಂಗಿನ ಅತಿ ಜನಪ್ರಿಯ ಸೂತ್ರ ಇದು. ಮೊದಲರ್ಧ ಷರತ್ತಿನ ಮೇಲೆ ನಿಜ, ಎರಡನೆಯರ್ಧ ಹೆಚ್ಚಿನ ಸಲ ಸುಳ್ಳು.

ಫುಲ್ ಥ್ರಾಟಲ್ ಕೊಟ್ಟು ಹೊರಟ ಸ್ಕೂಟರಿನ ಓಟದಲ್ಲಿ ಮೂರು ಹಂತಗಳಿವೆ. ಮೊದಲು ಕ್ಲಚ್ ಹಿಡಿದು, ಬೆಲ್ಟ್ ಇನ್ನೂ ಕೆಳಗಿರುವಾಗ ಎಂಜಿನ್ ವೇಗವಾಗಿ ಆರ್‌ಪಿಎಂ ಏರಿಸಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಬೆಲ್ಟ್ ಹತ್ತಲು ಶುರು. ಇಲ್ಲಿ ಗಾಡಿಯ ವೇಗ ಏರುತ್ತಿದ್ದರೂ ಎಂಜಿನ್ನಿನ ಆರ್‌ಪಿಎಂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. ಸ್ಕೂಟರಿನ ಸದ್ದು ಒಂದೇ ಸ್ವರದಲ್ಲಿ ಕೊರೆಯುವುದು ಇದೇ ಕಾರಣಕ್ಕೆ. ಬೆಲ್ಟ್ ಅಂಚು ಮುಟ್ಟಿದ ಮೇಲೆ ಮೂರನೆಯ ಹಂತ. ಇನ್ನು ಬದಲಾಯಿಸಲು ಗೇರ್ ಉಳಿದಿಲ್ಲ, ಗಾಡಿ ವೇಗವಾದಷ್ಟೂ ಎಂಜಿನ್ ಸುತ್ತಬೇಕು. ರೋಲರ್ ತೂಕ ಆಳುವುದು ಎರಡನೆಯ ಹಂತವನ್ನು ಮಾತ್ರ. ಟಾಪ್ ಸ್ಪೀಡ್ ಇರುವುದು ಮೂರನೆಯದರಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಎಂಜಿನ್ನಿನ ಬಲ, ಪುಲ್ಲಿಯ ಅಳತೆ, ಬೆಲ್ಟಿನ ಅಗಲ, ಕೊನೆಯ ಗೇರಿನ ಅನುಪಾತ ಮತ್ತು ಎದುರು ಗಾಳಿ. ಬೆಲ್ಟ್ ಮೊದಲೇ ಅಂಚು ಮುಟ್ಟುತ್ತಿದ್ದರೆ ಭಾರದ ರೋಲರ್ ಏನನ್ನೂ ಸೇರಿಸುವುದಿಲ್ಲ, ಬರೀ ಎಳೆತ ಮಂಕಾಗಿಸುತ್ತದೆ.

ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲು ಹಳೆಯ ಮೆಕ್ಯಾನಿಕ್ಕುಗಳ ಒಂದು ಉಪಾಯವಿದೆ. ಮುಂದಿನ ಪುಲ್ಲಿಯ ಒಳಮುಖವನ್ನು ಒರೆಸಿ, ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಕವರ್ ಮುಚ್ಚಿ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಪೂರ್ತಿ ಓಡಿಸಿ ಬಂದು ಮತ್ತೆ ತೆರೆದರೆ ಬೆಲ್ಟ್ ಉಜ್ಜಿದಷ್ಟು ದೂರ ಗೆರೆ ಅಳಿಸಿರುತ್ತದೆ. ಅಂಚಿನವರೆಗೂ ಅಳಿಸಿದ್ದರೆ ಟಾಪ್ ಸ್ಪೀಡಿನ ವಿಚಾರದಲ್ಲಿ ರೋಲರನ್ನು ದೂರುವುದು ಬೇಡ. ಹತ್ತು ರೂಪಾಯಿಯ ಪೆನ್ನು ಸಾವಿರಾರು ರೂಪಾಯಿಯ ವೇರಿಯೇಟರ್ ಖರೀದಿಯನ್ನು ತಪ್ಪಿಸಿದ್ದುಂಟು.

ಈಗ ಪಿಕಪ್ ಮಾತು. ಹೋಂಡಾ ಆ್ಯಕ್ಟಿವಾ 6ಜಿ 2020ರಲ್ಲಿ ಬಂದಾಗ ಕಂಪನಿ ಹೇಳಿದ ಅಂಕಿ: 8000 ಆರ್‌ಪಿಎಂನಲ್ಲಿ 7.79 ಪಿಎಸ್ ಬಲ, 5250 ಆರ್‌ಪಿಎಂನಲ್ಲಿ 8.79 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಮತ್ತು ಆರ್‌ಪಿಎಂ ಗುಣಿಸಿದರೆ ಬಲ ಸಿಗುತ್ತದೆ. ಆ ಲೆಕ್ಕದಲ್ಲಿ 5250ರಲ್ಲಿ ಈ ಎಂಜಿನ್ ಕೊಡುವುದು ಸುಮಾರು 6.6 ಪಿಎಸ್. ಹಗುರ ರೋಲರ್ ಮಾಡುವುದು ಇಷ್ಟೇ: ಎರಡನೆಯ ಹಂತವನ್ನು 5250ರ ಕಡೆಯಿಂದ 8000ದ ಕಡೆಗೆ ತಳ್ಳುತ್ತದೆ. ಅಂದರೆ ಎಲ್ಲ ಸರಿಹೋದರೂ ಗರಿಷ್ಠ ಲಾಭ 1.2 ಪಿಎಸ್, ಶೇ 18ರ ಆಸುಪಾಸು. ಬಂದ ಬಲ ಹೊಸದಲ್ಲ, ಎಂಜಿನ್ನಿನಲ್ಲಿ ಮೊದಲೇ ಇದ್ದದ್ದು. ಅದಕ್ಕೆ ಬೆಲೆ ಪೆಟ್ರೋಲ್. 40 ಕಿಲೋಮೀಟರ್ ವೇಗದಲ್ಲಿ ತಣ್ಣಗೆ ಹೋಗುವಾಗಲೂ ಎಂಜಿನ್ ಹೆಚ್ಚು ಸುತ್ತಿರುತ್ತದೆ. ಕಂಪನಿಯವರು ಮೈಲೇಜ್ ಮತ್ತು ಸದ್ದಿನ ಮೇಲೆ ಕಣ್ಣಿಟ್ಟು ರೋಲರ್ ತೂಕ ಆರಿಸಿರುತ್ತಾರೆ, ದಡ್ಡತನದಿಂದಲ್ಲ.

ಎಷ್ಟು ಹಗುರ ಎಂಬುದಕ್ಕೂ ಲೆಕ್ಕವಿದೆ. ರೋಲರ್ ಹೊರಕ್ಕೆ ಒತ್ತುವ ಬಲ ಅದರ ತೂಕಕ್ಕೆ ನೇರವಾಗಿ, ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಉದಾಹರಣೆಗೆ 15 ಗ್ರಾಂ ರೋಲರಿನಲ್ಲಿ 5500ಕ್ಕೆ ನಿಲ್ಲುವ ಎಂಜಿನ್ 6000ಕ್ಕೆ ನಿಲ್ಲಬೇಕೆಂದರೆ ತೂಕ 12.6 ಗ್ರಾಂ ಸುತ್ತಮುತ್ತ ಬರಬೇಕು. ಇದು ಆರಂಭಕ್ಕೆ ಹಿಡಿಯಬೇಕಾದ ಅಂದಾಜು. ಅಲ್ಲಿಂದ ಮುಂದೆ ಅರ್ಧ ಗ್ರಾಂ, ಒಂದು ಗ್ರಾಂ ಲೆಕ್ಕದಲ್ಲಿ ನೋಡಬೇಕು. ಬೇಕಾದ ತೂಕ ಸಿಗದಿದ್ದರೆ ಮೂರು ಭಾರದವು, ಮೂರು ಹಗುರದವು ತೆಗೆದುಕೊಂಡು ಒಂದು ಬಿಟ್ಟು ಒಂದರಂತೆ ಜೋಡಿಸಬಹುದು. ಒಂದೇ ಬದಿಗೆ ಭಾರ ಸೇರಿಸಿದರೆ ಮಾತ್ರ ನಡುಕ ಗ್ಯಾರಂಟಿ.

ಅತಿ ಹಗುರವಾದರೆ? ಎಂಜಿನ್ ತನ್ನ ಗರಿಷ್ಠ ಬಲದ ಆರ್‌ಪಿಎಂ ದಾಟಿ ಕಿರುಚುತ್ತದೆ, ಗಾಡಿ ಹೋಗುವುದಿಲ್ಲ. ಕಿವಿಗೆ ಅದು ಜೋರು ಪಿಕಪ್ಪಿನಂತೆ ಕೇಳುತ್ತದೆ. ಹೀಗಾಗಿಯೇ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಅಗ್ಗದ ಆರ್‌ಪಿಎಂ ಮೀಟರ್ ಇಲ್ಲದೆ ರೋಲರ್ ಬದಲಿಸುವವರನ್ನು ನಾನು ನಂಬುವುದಿಲ್ಲ, ಅವರ ಕೈಗುಣ ಎಷ್ಟೇ ಒಳ್ಳೆಯದಿರಲಿ.

ತಪ್ಪು ಕಲ್ಪನೆ: ಸ್ಪ್ರಿಂಗ್ ಗಟ್ಟಿಯಿದ್ದಷ್ಟೂ ಒಳ್ಳೆಯದು.

ವಾಸ್ತವ: ಯಾವ ಸ್ಪ್ರಿಂಗ್? ಕವರಿನ ಒಳಗೆ ಎರಡು ಬಗೆಯವಿವೆ. ಅಂಗಡಿಯಲ್ಲಿ ‘ರೇಸಿಂಗ್ ಸ್ಪ್ರಿಂಗ್ ಕೊಡಿ ಅಣ್ಣ’ ಎಂದವನಿಗೆ ಎರಡನ್ನೂ ಕಟ್ಟಿಕೊಡುತ್ತಾರೆ.

ಕ್ಲಚ್ ಶೂಗಳನ್ನು ಹಿಡಿದಿಡುವ ಪುಟ್ಟ ಸ್ಪ್ರಿಂಗ್‌ಗಳು ನಿರ್ಧರಿಸುವುದು ಒಂದೇ ಸಂಗತಿ: ನಿಂತ ಗಾಡಿ ಯಾವ ಆರ್‌ಪಿಎಂನಲ್ಲಿ ಹೊರಡಬೇಕು. ಅವು ಗಟ್ಟಿಯಾದರೆ ಎಂಜಿನ್ ಚೆನ್ನಾಗಿ ಸುತ್ತಿದ ಮೇಲೆ ಶೂ ಬೆಲ್ಲನ್ನು ಹಿಡಿಯುತ್ತದೆ, ಗಾಡಿ ನೆಗೆದು ಹೊರಡುತ್ತದೆ. ಡ್ರ್ಯಾಗ್ ರೇಸಿಗೆ ಚೆಂದ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಮೆಯಂತೆ ತೆವಳುವಾಗ ಅದೇ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಶಾಖಕ್ಕೆ ಶೂಗಳ ಮೈ ಗಾಜಿನಂತೆ ಹೊಳೆಯತೊಡಗುತ್ತದೆ, ಬೆಲ್ ನೀಲಿಗಟ್ಟುತ್ತದೆ, ಹೊರಡುವಾಗ ಗಾಡಿ ಗಡಗಡ ಅನ್ನುತ್ತದೆ. ಆಗ ಹೊಸ ಶೂ, ಹೊಸ ಬೆಲ್.

ಕಾಂಟ್ರಾ ಸ್ಪ್ರಿಂಗಿನ ಕೆಲಸ ಬೇರೆ. ಅದು ಬೆಲ್ಟನ್ನು ಜಾರದಂತೆ ಹಿಂಡಿ ಹಿಡಿಯುತ್ತದೆ, ರೋಲರ್‌ಗಳ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಎಂಜಿನ್ನಿನ ಬಲ ನಿಜವಾಗಿ ಹೆಚ್ಚಿದ್ದು ಬೆಲ್ಟ್ ಜಾರುತ್ತಿದ್ದರೆ ಸ್ವಲ್ಪ ಗಟ್ಟಿಯದು ಬೇಕಾದೀತು. ಕಂಪನಿಯ ಎಂಜಿನ್ನೇ ಇರುವ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಅನಗತ್ಯವಾಗಿ ಹಿಂಡಿಸಿಕೊಂಡು ಬಿಸಿಯಾಗುತ್ತದೆ. ಬೆಲ್ಟಿನ ಬಿಸಿ ಎಂದರೆ ಚಕ್ರಕ್ಕೆ ಹೋಗಬೇಕಾದ ಬಲವೇ ವ್ಯರ್ಥವಾಗಿದೆ ಎಂದು ಅರ್ಥ. ಕೆಲವೊಮ್ಮೆ ರೋಲರ್‌ಗಳಿಗೆ ಅದನ್ನು ಗೆಲ್ಲಲಾಗದೆ ಬೆಲ್ಟ್ ಅಂಚು ಮುಟ್ಟುವುದೇ ಇಲ್ಲ. ಆಗ ಟಾಪ್ ಸ್ಪೀಡ್ ಕಡಿಮೆಯಾಯಿತೆಂದು ಭಾರದ ರೋಲರ್ ಹಾಕಿಸುತ್ತಾರೆ. ಎರಡು ಭಾಗ ಕೊಂಡು ಮೊದಲಿದ್ದಲ್ಲಿಗೇ ಬಂದು ನಿಂತಂತಾಯಿತು.

ತಪ್ಪು ಕಲ್ಪನೆ: ಬೆಲ್ಟ್ ಹರಿಯುವವರೆಗೂ ಓಡಿಸಬಹುದು.

ವಾಸ್ತವ: ಬೆಲ್ಟ್ ಹರಿಯುವ ಮೊದಲು ಸವೆದು ಕಿರಿದಾಗುತ್ತದೆ. ಕಿರಿದಾದ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಪೂರ್ತಿ ಹೊರಕ್ಕೆ ಬರಲಾರದೆ ಟಾಪ್ ಸ್ಪೀಡ್ ಇಳಿಯುತ್ತದೆ. ರೋಲರ್‌ಗಳು ಒಂದು ಬದಿಗೆ ಚಪ್ಪಟೆಯಾದರೆ ಇಳಿಜಾರಿನಲ್ಲಿ ಉರುಳದೆ ತಡವರಿಸುತ್ತವೆ. ‘ಗಾಡಿ ಯಾಕೋ ಮೊದಲಿನ ಹಾಗೆ ಎಳೀತಿಲ್ಲ, ಬೋರ್ ಕಿಟ್ ಹಾಕೋಣ’ ಎಂದು ಬರುವವರಲ್ಲಿ ಅನೇಕರಿಗೆ ಬೇಕಿರುವುದು ಕಂಪನಿಯ ಹೊಸ ಬೆಲ್ಟ್ ಮತ್ತು ಅದೇ ತೂಕದ ಹೊಸ ರೋಲರ್ ಮಾತ್ರ.

ಇದರ ತಮ್ಮನಂಥ ಇನ್ನೊಂದು ನಂಬಿಕೆ, ರೋಲರಿಗೆ ಗ್ರೀಸ್ ಬಳಿದರೆ ನುಣುಪಾಗಿ ಓಡುತ್ತದೆ ಎಂಬುದು. ಕೆಲವು ಮಾಡೆಲ್‌ಗಳಲ್ಲಿ ಕಂಪನಿಯೇ ಅಳತೆ ಮಾಡಿ ಗ್ರೀಸ್ ಹಾಕಲು ಹೇಳುತ್ತದೆ, ಅದು ಹೊರಗೆ ಸೋರದಂತೆ ಸೀಲ್ ಕೂಡ ಇರುತ್ತದೆ. ಹಾಗೆ ಹೇಳದ ಗಾಡಿಗೆ ಗ್ರೀಸ್ ತುಂಬಿದರೆ ಅದು ಸಿಡಿದು ಬೆಲ್ಟಿಗೆ ತಾಗುತ್ತದೆ. ಜಿಡ್ಡು ಹತ್ತಿದ ಬೆಲ್ಟ್ ಜಾರದೆ ಇನ್ನೇನು ಮಾಡೀತು? ಗ್ರೀಸ್ ನಿಜವಾಗಿ ಬೇಕಾದದ್ದು ಹಿಂದಿನ ಟಾರ್ಕ್ ಕ್ಯಾಮಿನ ಪಿನ್ನುಗಳಿಗೆ. ಅಲ್ಲಿ ಯಾರೂ ಕೈಹಾಕುವುದಿಲ್ಲ.

ಬೆಲ್ಟ್ ಕವರಿಗೆ ತೂತು ಕೊರೆಯುವವರಿಗೂ ಒಂದು ಮಾತು. ಮುಂದಿನ ಪುಲ್ಲಿಯ ಹೊರಮುಖದಲ್ಲೇ ಫ್ಯಾನಿನ ರೆಕ್ಕೆಗಳಿವೆ. ಅವು ಒಂದು ದಾರಿಯಿಂದ ಗಾಳಿ ಎಳೆದು ಇನ್ನೊಂದು ದಾರಿಯಿಂದ ಹೊರಹಾಕುತ್ತವೆ. ನಡುವೆ ತೂತು ಬಿದ್ದರೆ ಆ ಗಾಳಿಯ ದಾರಿ ತಪ್ಪುತ್ತದೆ. ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಗಾಡಿ ಓಡಿಸುವವರಾದರೆ ಆಷಾಢದ ಮಳೆನೀರು ನೇರ ಬೆಲ್ಟಿಗೆ.

ತಪ್ಪು ಕಲ್ಪನೆ: ಏರ್ ಫಿಲ್ಟರ್ ತೆಗೆದು, ಸೈಲೆನ್ಸರ್ ಖಾಲಿ ಮಾಡಿಸಿದರೆ ಬಲ ಬರುತ್ತದೆ.

ವಾಸ್ತವ: ಬರುವುದು ಸದ್ದು. ಏರ್ ಬಾಕ್ಸ್ ಎಂದರೆ ಧೂಳು ತಡೆಯುವ ಡಬ್ಬಿಯಷ್ಟೇ ಅಲ್ಲ. ಅದರ ಗಾತ್ರ, ಕೊಳವೆಯ ಉದ್ದ ಎಲ್ಲವೂ ಎಂಜಿನ್ ಗಾಳಿ ಎಳೆದುಕೊಳ್ಳುವ ತಾಳಕ್ಕೆ ಹೊಂದಿಸಿದವು. ಅದನ್ನು ತೆಗೆದರೆ ಕೆಳಗಿನ ಮತ್ತು ನಡುವಿನ ಆರ್‌ಪಿಎಂಗಳಲ್ಲಿ ಎಳೆತ ಕಡಿಮೆಯಾಗುವುದೇ ಹೆಚ್ಚು. ಜೊತೆಗೆ ಸಿಲಿಂಡರಿಗೆ ನಮ್ಮ ರಸ್ತೆಯ ಧೂಳು, ಪಿಸ್ಟನ್ ರಿಂಗಿಗೆ ಅದು ಮರಳು ಕಾಗದ.

ಕಾರ್ಬ್ಯುರೇಟರಿನ ಹಳೆಯ ಡಿಯೋ, ಆ್ಯಕ್ಟಿವಾಗಳಲ್ಲಿ ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚಿಸಬೇಕು, ಅಂದರೆ ಮೇನ್ ಜೆಟ್ ಬದಲಿಸಬೇಕು. ಬದಲಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಈಗ ಇದಕ್ಕೆ ಇನ್ನೊಂದು ತಿರುವು ಸೇರಿದೆ. ಬಂಕಿನಲ್ಲಿ ಸಿಗುತ್ತಿರುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ ಸಾಕಾಗುವುದು 13.5ರ ಆಸುಪಾಸು. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹಿಂದಿನ ಪೆಟ್ರೋಲಿಗೆ ಸರಿಯಾಗಿ ಕೂರಿಸಿದ ಜೆಟ್ ಈಗ ತಾನಾಗಿಯೇ ತೆಳು ಮಿಶ್ರಣ ಕೊಡುತ್ತಿದೆ. ಅದರ ಮೇಲೆ ಫಿಲ್ಟರನ್ನೂ ತೆಗೆದರೆ ಎಂಜಿನ್ ಬ್ಲಾಕಿಗೆ ಯಾರೂ ಜವಾಬ್ದಾರರಲ್ಲ.

‘ನಂದು ಫ್ಯೂಯಲ್ ಇಂಜೆಕ್ಷನ್, ಇಸಿಯು ಎಲ್ಲಾ ಅಡ್ಜಸ್ಟ್ ಮಾಡ್ಕೊಳ್ಳುತ್ತೆ’ ಎನ್ನುವವರು ಹೊಸ ತಲೆಮಾರಿನವರು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದ ಮೇಲೆ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಇಂಜೆಕ್ಷನ್ ಸಾಮಾನ್ಯವಾಯಿತು. ಸೈಲೆನ್ಸರಿನ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣ ತೆಳುವೋ ದಟ್ಟವೋ ಎಂದು ಹೇಳುತ್ತದೆ ನಿಜ. ಆದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದರ ಮಾತು ಕೇಳುವುದು ನಿಧಾನವಾಗಿ, ಒಂದೇ ಹದದಲ್ಲಿ ಓಡಿಸುವಾಗ. ಪೂರ್ತಿ ಥ್ರಾಟಲ್ ತಿರುಗಿಸಿದ ಕ್ಷಣ ಅದು ಸೆನ್ಸರನ್ನು ಬದಿಗಿಟ್ಟು ತನ್ನೊಳಗೆ ಬರೆದಿಟ್ಟ ಕೋಷ್ಟಕದಂತೆ ಇಂಧನ ಸುರಿಯುತ್ತದೆ. ಆ ಕೋಷ್ಟಕ ಕಂಪನಿಯ ಫಿಲ್ಟರ್, ಕಂಪನಿಯ ಸೈಲೆನ್ಸರಿಗೆ ಬರೆದದ್ದು. ಟ್ಯೂನ್ ಮಾಡಿದವನು ಬಲ ಬೇಡುವುದು ಪೂರ್ತಿ ಥ್ರಾಟಲಿನಲ್ಲಿ, ಇಸಿಯು ಸಹಾಯ ಮಾಡದಿರುವುದೂ ಅಲ್ಲೇ.

ತಪ್ಪು ಕಲ್ಪನೆ: ಬೋರ್ ಮಾಡಿಸಿದರೆ ಗಾಡಿ ಹಾರುತ್ತದೆ.

ವಾಸ್ತವ: ಇಲ್ಲಿ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಸವೆದ ಸಿಲಿಂಡರನ್ನು ಲೇತಿನವರ ಬಳಿ ಸ್ವಲ್ಪ ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ರಿಪೇರಿ. ಹಳೆಯ 109 ಸಿಸಿ ಆ್ಯಕ್ಟಿವಾದ ಬೋರ್ 50 ಮಿಲಿಮೀಟರ್, ಸ್ಟ್ರೋಕ್ 55.6. ಅರ್ಧ ಮಿಲಿಮೀಟರ್ ಹಿಗ್ಗಿಸಿದರೆ ಗಾತ್ರ ಹೆಚ್ಚುವುದು ಶೇ 2ರಷ್ಟು, 109ರಿಂದ 111 ಸಿಸಿಗೆ. ಗಾಡಿ ಚುರುಕಾಗಿದೆ ಅನಿಸಿದರೆ ಅದು ಹೊಸ ರಿಂಗುಗಳಿಂದ ಮರಳಿ ಬಂದ ಕಂಪ್ರೆಷನ್ನಿನ ಮಹಿಮೆ.

ಬೋರ್ ಕಿಟ್ ಬೇರೆ. 58 ಮಿಲಿಮೀಟರ್ ಪಿಸ್ಟನ್ ಕೂರಿಸಿದರೆ ಅದೇ ಸ್ಟ್ರೋಕಿನಲ್ಲಿ ಲೆಕ್ಕ 147 ಸಿಸಿ ಮುಟ್ಟುತ್ತದೆ. ಕಾಗದದ ಮೇಲೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಆದರೆ ಹೆಡ್ಡಿನ ವಾಲ್ವುಗಳು ಹಳೆಯವೇ ಆದರೆ ಮೇಲಿನ ಆರ್‌ಪಿಎಂಗಳಲ್ಲಿ ಅಷ್ಟು ಗಾಳಿ ಒಳಗೆ ಹೋಗುವುದಿಲ್ಲ. ಹೀಗಾಗಿ ಬಲ ಬರುವುದು ಹೆಚ್ಚಾಗಿ ಕೆಳಗೆ, ಟಾರ್ಕಿನ ರೂಪದಲ್ಲಿ. ಗರಿಷ್ಠ ಬಲದ ಆರ್‌ಪಿಎಂ ಕೆಳಗೆ ಸರಿಯುವುದೂ ಉಂಟು. ರೋಲರಿನ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ. ಕಿಟ್ ಹಾಕುವ ಮೊದಲು ಹುಡುಕಿಕೊಂಡ ಹಗುರ ರೋಲರ್ ಈಗ ತಪ್ಪು, ಎಂಜಿನ್ನು ತನ್ನ ಹೊಸ ಬಲ ಎಲ್ಲಿದೆಯೋ ಅದಕ್ಕಿಂತ ಮೇಲೆ ವ್ಯರ್ಥವಾಗಿ ಸುತ್ತುತ್ತಿರುತ್ತದೆ. ಇಂಥ ಗಾಡಿಗೆ ಬಹುಪಾಲು ಹಿಂದಿಗಿಂತ ಭಾರದ ರೋಲರೇ ಸರಿ. ಕಿಟ್ ಹಾಕಿಸಿ ‘ಅಂಥದ್ದೇನೂ ವ್ಯತ್ಯಾಸ ಇಲ್ಲ’ ಎನ್ನುವವರು ಈ ಕೆಲಸವನ್ನು ಅರ್ಧಕ್ಕೇ ಬಿಟ್ಟವರು. ಎಂಜಿನ್ ಮೊದಲು, ಇಂಧನ ಆಮೇಲೆ, ಬೆಲ್ಟಿನ ಕೆಲಸ ಕೊನೆಗೆ. ಈ ಕ್ರಮ ಬಿಟ್ಟರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕಾಗುತ್ತದೆ.

ಇನ್ನು ಬಿಸಿ. ಇವು ಫ್ಯಾನಿನ ಗಾಳಿಯಲ್ಲಿ ತಣಿಯುವ ಎಂಜಿನ್ನುಗಳು. ಅದೇ ಪುಟ್ಟ ಫ್ಯಾನು, ಅದೇ ರೆಕ್ಕೆಗಳು ಹೆಚ್ಚು ಶಾಖ ಹೊರಹಾಕಬೇಕು. ತುಮಕೂರು ರಸ್ತೆಯಲ್ಲಿ ಹತ್ತು ನಿಮಿಷ ಹಾರಿಸಿ ಬಂದವನಿಗೆ ಇದು ಗೊತ್ತಾಗದಿರಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿಸಿದವನಿಗೆ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಆರ್‌ಪಿಎಂ ಲಿಮಿಟರ್ ತೆಗೆಸಿದರೆ ಕಂಪನಿ ಬಚ್ಚಿಟ್ಟ ವೇಗ ಹೊರಗೆ ಬರುತ್ತದೆ.

ವಾಸ್ತವ: ಕಂಪನಿಯವರು ಬಚ್ಚಿಡುವುದು ಕಡಿಮೆ, ಮುನ್ನೆಚ್ಚರಿಕೆ ವಹಿಸುವುದು ಹೆಚ್ಚು. ಆ್ಯಕ್ಟಿವಾ 6ಜಿಯ ಬೋರ್ 47 ಮಿಲಿಮೀಟರ್, ಸ್ಟ್ರೋಕ್ 63.1. ಹಳೆಯ ಎಂಜಿನ್ನಿಗಿಂತ ಪಿಸ್ಟನ್ ಸಣ್ಣದು, ಓಡಾಡುವ ದೂರ ಉದ್ದ. 8000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17 ಮೀಟರ್. 10,000ಕ್ಕೆ ಏರಿಸಿದರೆ 21 ಮೀಟರ್. ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗದಂತೆ ಏರುವುದರಿಂದ ಅದು ಶೇ 56ರಷ್ಟು ಹೆಚ್ಚುತ್ತದೆ. ಇಷ್ಟಾಗಿ ಸಿಗುವುದೇನು? ಗರಿಷ್ಠ ಬಲ 8000ದಲ್ಲೇ ಮುಗಿದಿದೆ, ಅದರಾಚೆ ಇಳಿಮುಖ. ಅದೇ ಆರ್‌ಪಿಎಂನಲ್ಲಿ ಹೆಚ್ಚು ವೇಗ ಬೇಕೆಂದರೆ ದಾರಿ ಇರುವುದು ಹಿಂದಿನ ಗೇರುಗಳ ಅನುಪಾತದಲ್ಲಿ. ಅದಕ್ಕೂ ಎಂಜಿನ್ನಿನಲ್ಲಿ ಬಲ ಮಿಕ್ಕಿರಬೇಕು.

ತಪ್ಪು ಕಲ್ಪನೆ: 100 ಆಕ್ಟೇನ್ ಪೆಟ್ರೋಲ್, ಇರಿಡಿಯಂ ಪ್ಲಗ್ ಹಾಕಿದರೆ ಚುರುಕು.

ವಾಸ್ತವ: ಆಕ್ಟೇನ್ ಎಂದರೆ ಪೆಟ್ರೋಲ್ ಅಕಾಲದಲ್ಲಿ ಸಿಡಿಯದಂತೆ ತಡೆಯುವ ಗುಣ, ಅದರಲ್ಲಿರುವ ಶಕ್ತಿಯಲ್ಲ. ಕಂಪ್ರೆಷನ್ ಏರಿಸಿದ ಎಂಜಿನ್ನಿಗೆ ಅದು ಬೇಕು, ಏರಿಸದಿದ್ದರೆ ಬೇಡ. ಇರಿಡಿಯಂ ಪ್ಲಗ್ ಬಾಳಿಕೆ ಬರುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಹಿಂದೆ ದಪ್ಪ ಟೈರ್ ಹಾಕಿದರೆ ಟಾಪ್ ಸ್ಪೀಡ್ ಹೆಚ್ಚುತ್ತದೆ.

ವಾಸ್ತವ: ಟೈರಿನ ಮೇಲಿನ ಅಂಕಿ ಓದಿ. 90/100-10 ಎಂದರೆ ಅಗಲ 90 ಮಿಲಿಮೀಟರ್, ಎತ್ತರ ಅದರ ನೂರಕ್ಕೆ ನೂರು, ಅಂದರೆ 90. 100/90-10 ಎಂದರೆ ಅಗಲ 100, ಎತ್ತರ ಅದರ ಶೇ 90, ಮತ್ತೆ 90. ಎರಡರ ವ್ಯಾಸವೂ 434 ಮಿಲಿಮೀಟರ್. ದಪ್ಪ ಬಂತು, ತೂಕ ಬಂತು, ಒಂದು ಸುತ್ತಿಗೆ ಕ್ರಮಿಸುವ ದೂರ ಮಾತ್ರ ಅಲ್ಲೇ ಇದೆ. ನಿಜವಾಗಿ ಎತ್ತರದ ಟೈರ್ ಹಾಕಿದರೆ ಅದು ಭಾರದ ಗೇರ್ ಹಾಕಿದಂತೆ. ಎಳೆತ ಕುಗ್ಗುತ್ತದೆ, ಬಲ ಸಾಲದಿದ್ದರೆ ಟಾಪ್ ಸ್ಪೀಡೂ ಕುಗ್ಗುತ್ತದೆ. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ವೇಗ ಎಣಿಸುವ ಸ್ಕೂಟರಿನಲ್ಲಿ ಮುಂದೆ ಚಿಕ್ಕ ಚಕ್ರ ಕೂರಿಸಿಕೊಂಡು ‘ನೂರು ಹೊಡೀತು’ ಎನ್ನುವವರ ಮಾತನ್ನು ಮೊಬೈಲಿನ ಜಿಪಿಎಸ್ ಮುಂದಿಟ್ಟು ಕೇಳಬೇಕು.

ತಪ್ಪು ಕಲ್ಪನೆ: ಪೊಲೀಸರು ಹಿಡಿಯುವುದು ಸೈಲೆನ್ಸರ್ ಮಾತ್ರ, ಒಳಗಿನದು ಯಾರಿಗೂ ಕಾಣುವುದಿಲ್ಲ.

ವಾಸ್ತವ: ಕಾಣುವುದಿಲ್ಲ ಎಂಬುದು ನಿಜ, ಅಪಘಾತ ಆಗುವವರೆಗೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ನಿನ ಪ್ರಕಾರ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್‌ಸಿಯಲ್ಲಿ 109 ಎಂದು ಬರೆದಿರುವ ಗಾಡಿಯೊಳಗೆ 147 ಸಿಸಿ ಇದ್ದರೆ ವಿಮೆ ಕಂಪನಿಗೆ ಕ್ಲೇಮ್ ತಿರಸ್ಕರಿಸಲು ಬೇರೆ ಕಾರಣ ಬೇಕಿಲ್ಲ.

ಸದ್ದಿನ ವಿಚಾರಕ್ಕೆ ಬಂದರೆ 80ರಿಂದ 175 ಸಿಸಿವರೆಗಿನ ದ್ವಿಚಕ್ರ ವಾಹನ ತಯಾರಾಗುವಾಗಲೇ 77 ಡೆಸಿಬಲ್ ಮಿತಿಯೊಳಗೆ ಇರಬೇಕೆಂಬ ನಿಯಮವಿದೆ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯವನ್ನು ರಾಜ್ಯದ ಹಲವು ಊರುಗಳ ಜನ ನೋಡಿದ್ದಾರೆ. ರೇಸಿನ ಆಸೆ ಗಂಭೀರವಾಗಿದ್ದರೆ ರ್‍ಯಾಲಿಗಳಲ್ಲಿ ಸ್ಕೂಟರ್‌ಗಳಿಗೇ ಪ್ರತ್ಯೇಕ ವರ್ಗವಿದೆ. ಅಂಥ ಗಾಡಿ ಟ್ರಕ್ಕಿನಲ್ಲಿ ಹೋಗುತ್ತದೆ, ಟ್ರಕ್ಕಿನಲ್ಲಿ ಬರುತ್ತದೆ, ಮಕ್ಕಳ ಶಾಲೆಯ ಮುಂದೆ ಓಡುವುದಿಲ್ಲ.

ತಪ್ಪು ಕಲ್ಪನೆ: ಎಲ್ಲವನ್ನೂ ಒಂದೇ ಸಲ ಹಾಕಿಸಿದರೆ ಕೂಲಿ ಉಳಿಯುತ್ತದೆ.

ವಾಸ್ತವ: ಕೂಲಿ ಉಳಿದು ಬುದ್ಧಿ ಕೆಡುತ್ತದೆ. ರೋಲರ್, ಸ್ಪ್ರಿಂಗ್, ಫಿಲ್ಟರ್ ಒಟ್ಟಿಗೆ ಬದಲಿಸಿದರೆ ಗಾಡಿ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹೇಳುವವರಿಲ್ಲ, ಚೆನ್ನಾಗಿ ಓಡಿದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಕಾನೂನಿನ ಮಿತಿಯೊಳಗೆ ಮಾಡುವ ಸಣ್ಣ ಟ್ಯೂನಿಂಗಿಗೂ ಇದೇ ಮಾತು. ಮೊದಲು ಟ್ಯಾಪೆಟ್, ಪ್ಲಗ್, ಫಿಲ್ಟರ್, ಬೆಲ್ಟ್ ಎಲ್ಲ ಕಂಪನಿ ಹೇಳಿದ ಸ್ಥಿತಿಗೆ ತನ್ನಿ. ಅದೇ ರಸ್ತೆ, ಅದೇ ಸವಾರ, ಟೈರಿನಲ್ಲಿ ಅದೇ ಗಾಳಿ ಇಟ್ಟುಕೊಂಡು ಬೆಲ್ಟ್ ಹತ್ತುವಾಗಿನ ಆರ್‌ಪಿಎಂ ಎಷ್ಟೆಂದು ಬರೆದಿಡಿ. ಆಮೇಲೆ ಒಂದೇ ಒಂದನ್ನು ಬದಲಿಸಿ, ಮತ್ತೆ ಬರೆಯಿರಿ. ಲಾಭ ಕಾಣದಿದ್ದರೆ ಹಳೆಯದನ್ನು ಹಿಂದಕ್ಕೆ ಹಾಕಿ. ಅದಕ್ಕಾಗಿ ಬಿಚ್ಚಿದ ಕಂಪನಿಯ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಒಂದು ಚೀಲದಲ್ಲಿ ಕಟ್ಟಿ, ಮೇಲೆ ಗಾಡಿಯ ನಂಬರ್ ಬರೆದು ಮನೆಗೆ ತನ್ನಿ.